ಸೌದೆಯೊಳಗಿನ ನೀರು, ಹಂಡೆಯೊಳಗಿನ ನೀರು

ಮಳೆಗಾಲದ ಮುಂಜಾನೆ ಬಚ್ಚಲೊಲೆಯ ಮುಂದೆ ಕುಳಿತು, ಹಸಿ ಸೌದೆಯನ್ನು ಊದುಕೊಳವೆಯಿಂದ ಊದಿ ಊದಿ ಕಣ್ಣು ಕೆಂಪಾದವರಿಗೆ, ಉರಿಯುವ ವಸ್ತುಗಳೆಲ್ಲವೂ ಸಮನಾದ ಕಾವನ್ನು ಕೊಡವೆಂಬುದನ್ನು ಯಾವ ಶಾಸ್ತ್ರವೂ ಕಲಿಸಬೇಕಾಗಿಲ್ಲ. ಹಾಗೇಕೆಂಬುದನ್ನು ಮಾತ್ರ ರಸಾಯನಶಾಸ್ತ್ರವನ್ನೇ ಕೇಳಬೇಕು.

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸುವ ಶಾಖಕ್ಕೆ ಕಿಲೊಕ್ಯಾಲರಿಯೆಂದು ಹೆಸರು. ಇಂಧನದ ಶಾಖವನ್ನು ಅಳೆಯುವ ಕ್ರಮವೂ ಈ ವ್ಯಾಖ್ಯೆಯಷ್ಟೇ ಸರಳವಾದುದು: ತೂಗಿದ ಚೂರೊಂದನ್ನು ಆಮ್ಲಜನಕವನ್ನು ಒತ್ತಿ ತುಂಬಿದ ಉಕ್ಕಿನ ಪಾತ್ರೆಯೊಳಗಿಟ್ಟು, ಆ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಿ, ವಿದ್ಯುತ್ತಿನಿಂದ ಕಾಯ್ದ ತಂತಿಯಿಂದ ಚೂರನ್ನು ಹೊತ್ತಿಸಿ, ಸುತ್ತಣ ನೀರು ಎಷ್ಟು ಬೆಚ್ಚಗಾಯಿತೆಂದು ನೋಡುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ರೂಪಿಸಿದವನು ಫ್ರಾನ್ಸಿನ ಬರ್ಥೆಲೊ.

ಹೀಗೆ ಅಳೆದಾಗ ಒಂದು ಕಿಲೋಗ್ರಾಂ ಒಣಸೌದೆಯಿಂದ ಸುಮಾರು 4,000, ಇದ್ದಿಲಿನಿಂದ 7,000, ಸೀಮೆಎಣ್ಣೆಯಿಂದ 11,000, ಜಲಜನಕದಿಂದ 34,000 ಕಿಲೊಕ್ಯಾಲರಿ ದೊರೆಯುತ್ತದೆ. ಈ ತಾರತಮ್ಯದ ಮರ್ಮವು ಸ್ವಾರಸ್ಯವಾದುದು. ದಹನವೆಂದರೆ ಇಂಗಾಲವೂ ಜಲಜನಕವೂ ಆಮ್ಲಜನಕದೊಡನೆ ಕೂಡುವುದಷ್ಟೆ. ಸೌದೆಯ ತೂಕದಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಕ್ಕು ಆಮ್ಲಜನಕವೇ ಆಗಿರುವುದರಿಂದ, ಅದು ಒಲೆಯನ್ನು ಕಾಣುವ ಮುನ್ನವೇ ಅರೆಬರೆ ಉರಿದ ವಸ್ತುವೆನ್ನಬೇಕು. ಮಣ್ಣು ಮುಚ್ಚಿದ ಗೂಡಿನಲ್ಲಿ ಇದ್ದಿಲು ಸುಡುವವನು ಮರದೊಳಗಿನ ಆ ಆಮ್ಲಜನಕದ ಬಹುಭಾಗವನ್ನು ಹೊರದೂಡಿ ಇಂಗಾಲವನ್ನು ಉಳಿಸಿಕೊಳ್ಳುತ್ತಾನೆ.

ಹಸಿ ಸೌದೆಯ ನಷ್ಟ ಇನ್ನೂ ದೊಡ್ಡದು. ಈಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು; ಅಂಥ ಒಂದು ಕಿಲೋಗ್ರಾಮಿನಲ್ಲಿ ಉಳಿದ ಅರ್ಧ ಕಿಲೋ ಮರವು ಕೊಡುವ 2,000 ಕಿಲೊಕ್ಯಾಲರಿಯೊಳಗಿಂದಲೇ ಆ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 300 ವ್ಯಯವಾಗುತ್ತದೆ. ಮಳೆ ಹಿಡಿಯುವ ಮೊದಲೇ ಸೌದೆ ಸೀಳಿ, ಬಿಸಿಲಿಗೆ ಹಾಕಿ, ಕೊಟ್ಟಿಗೆಯಲ್ಲಿ ಒಟ್ಟಿಡುತ್ತಿದ್ದ ನಮ್ಮ ಹಿರಿಯರ ಶ್ರಮವು ಈ ಲೆಕ್ಕವನ್ನು ಬಲ್ಲ ಶ್ರಮವಾಗಿತ್ತು.

ಇಷ್ಟಾದರೂ ಇಂಧನದಲ್ಲಿರುವ ಶಾಖವೆಲ್ಲ ಹಂಡೆಗೆ ಸೇರುವುದಿಲ್ಲ. ಇಪ್ಪತ್ತು ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಬೇಕಾದುದು 600 ಕಿಲೊಕ್ಯಾಲರಿ, ಎಂದರೆ 150 ಗ್ರಾಂ ಒಣಸೌದೆ. ಶಾಖದ ಹತ್ತರಲ್ಲೊಂದು ಪಾಲನ್ನು ಮಾತ್ರ ಪಾತ್ರೆಗೆ ಮುಟ್ಟಿಸುವ ತೆರೆದ ಒಲೆಯಾದರೋ ಒಂದೂವರೆ ಕಿಲೋಗ್ರಾಮನ್ನು ಬೇಡುತ್ತದೆ. ಕಣ್ಣುರಿಸುವ ಹೊಗೆಯಲ್ಲಿರುವುದೂ ಪೂರ್ತಿ ಉರಿಯದ ಇಂಧನವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರವು ಈ ಸೋರಿಕೆಯನ್ನೇ ಹಿಡಿಯಹೊರಟಿತು: ಬೆಂಕಿಯನ್ನು ಮುಚ್ಚಿದ ಗೂಡಿನೊಳಗಿರಿಸಿ, ಬಿಸಿಗಾಳಿಯನ್ನು ಒಂದಾದಮೇಲೊಂದು ಪಾತ್ರೆಯ ತಳಕ್ಕೆ ಹಾಯಿಸಿ, ಕೊನೆಗೆ ಹೊಗೆಗೊಳವೆಯಿಂದ ಮನೆಯ ಹೊರಗೆ ಬಿಡುವ ಒಲೆಯೊಂದನ್ನು ಹಳ್ಳಿಯ ಅಡುಗೆಮನೆಗಳಿಗಾಗಿ ಅದು ಕಟ್ಟಿಕೊಟ್ಟಿತು.