ಅಡ್ವಾನ್ಸ್ ಓನರ್ ದುಡ್ಡಲ್ಲ: ಒಂದೆರಡು ಮನೆ ಬಾಡಿಗೆಗೆ ಕೊಟ್ಟಿರುವವರು ತಿಳಿಯಬೇಕಾದ್ದು

ಮನೆ ಖಾಲಿ ಮಾಡುವ ದಿನ ಹೇಗಿರುತ್ತೆ ಅಂತ ಬೆಂಗಳೂರಲ್ಲಿ ಬಾಡಿಗೆಗಿದ್ದವರಿಗೆ ಹೇಳಬೇಕಿಲ್ಲ. ಸಾಮಾನೆಲ್ಲ ಟೆಂಪೋ ಹತ್ತಿರುತ್ತೆ. ಓನರ್ ಒಳಗೆ ಬಂದು ಗೋಡೆ ಸವರಿ ನೋಡ್ತಾರೆ. "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೋತೀವಿ. ಮಿಕ್ಕಿದ್ದು ಬೇರೆಯವರು ಬಂದ್ಮೇಲೆ ಕೊಡ್ತೀವಿ." ಅಲ್ಲಿಗೆ ಜಗಳ ಶುರು.

ಈ ಕಥೆಯನ್ನು ನಾವು ಯಾವಾಗಲೂ ಬಾಡಿಗೆಯವರ ಕಡೆಯಿಂದಲೇ ಹೇಳ್ತೀವಿ. ಆದರೆ ಓದುತ್ತಿರುವ ನಿಮ್ಮಲ್ಲೇ ಕೆಲವರು ಬೆಂಗಳೂರಲ್ಲಿ ಬಾಡಿಗೆ ಕಟ್ಟುತ್ತಿರಬಹುದು, ತುಮಕೂರಲ್ಲೋ ದಾವಣಗೆರೆಯಲ್ಲೋ ನಿಮ್ಮ ಅಪ್ಪ ರಿಟೈರ್‌ಮೆಂಟ್ ದುಡ್ಡಲ್ಲಿ 30x40 ಸೈಟಿನ ಮೇಲೆ ಕಟ್ಟಿದ ಫಸ್ಟ್ ಫ್ಲೋರಿನ ಬಾಡಿಗೆಯಲ್ಲಿ ಮನೆ ನಡೆಯುತ್ತಿರಬಹುದು. ಈ ಬರಹ ಅಂಥ ಅಪ್ಪ-ಅಮ್ಮಂದಿರಿಗೆ, ಅವರಿಗೆ ಓದಿ ಹೇಳಬೇಕಾದ ಮಕ್ಕಳಿಗೆ. ಹತ್ತಾರು ಫ್ಲಾಟ್ ಇಟ್ಟುಕೊಂಡವರ ವಿಷಯ ಬೇರೆ, ಅವರಿಗೆ ವಕೀಲರಿರ್ತಾರೆ.

ಜಗಳದ ಬೇರು ದುರಾಸೆಯಲ್ಲಿ ಅನ್ನೋದು ಅರ್ಧ ಸತ್ಯ. ಬಾಡಿಗೆ 15,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ ಒಂದೂವರೆ ಲಕ್ಷ ಅಂದ್ಕೊಳ್ಳಿ. ಆ ದುಡ್ಡು ಕೈಗೆ ಬಂದ ವಾರದಲ್ಲೇ ಗ್ರಿಲ್‌ಗೋ ಬೋರ್‌ವೆಲ್‌ಗೋ ಮಗಳ ಫೀಸಿಗೋ ಹೋಗಿರುತ್ತೆ. ಬಾಡಿಗೆಯವರು ಹೊರಟಾಗ ಕೊಡೋಕೆ ಏನೂ ಇರಲ್ಲ. ಹೊಸಬರ ಅಡ್ವಾನ್ಸ್‌ನಿಂದ ಹಳಬರ ಬಾಕಿ ತೀರಿಸೋ ಈ ಸರಪಳಿಯಲ್ಲಿ, ಪೇಂಟಿಂಗ್ ಹೆಸರಲ್ಲಿ ಹಿಡಿಯೋ ಒಂದು ತಿಂಗಳ ಬಾಡಿಗೆ ಓನರ್‌ಗೆ ಉಸಿರಾಡೋಕೆ ಸಿಗೋ ಜಾಗ. ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇಷ್ಟೇ: ಅಡ್ವಾನ್ಸ್ ಆದಾಯ ಅಲ್ಲ, ಬಡ್ಡಿಯಿಲ್ಲದ ಸಾಲ. ಬ್ಯಾಂಕಲ್ಲಿ ಎಫ್‌ಡಿ ಇಡಿ. ಇಡೋಕಾಗಲ್ಲ, ಖರ್ಚಾಗೇ ಆಗುತ್ತೆ ಅಂದ್ರೆ ಅಷ್ಟು ದೊಡ್ಡ ಅಡ್ವಾನ್ಸ್ ಕೇಳಲೇಬೇಡಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತೆ. ಅದು ಮಾದರಿ ಮಾತ್ರ, ರಾಜ್ಯಗಳು ತಾವೇ ಕಾನೂನು ಮಾಡಿದರಷ್ಟೇ ಜಾರಿ. ಆದರೂ ಅಳತೆಗೋಲಾಗಿ ಒಳ್ಳೆಯದು.

ಹಾಗಾದ್ರೆ ಈಗ ನಡೆಯೋದು ಯಾವ ಕಾನೂನು? ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ. ಆದರೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳು ಅದರ ಹೊರಗೆ. ಇವತ್ತು ಆ ಬಾಡಿಗೆಗೆ ಮನೆ ಎಲ್ಲಿದೆ ಹೇಳಿ? ಹಾಗಾಗಿ ಬಹುತೇಕ ಮನೆಗಳಿಗೆ ಅನ್ವಯಿಸೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ ಪ್ರಕಾರ ಬಾಡಿಗೆಯವರು ಮನೆಯನ್ನು ತಾವು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜವಾಗಿ ಆಗುವ ಸವೆತಕ್ಕೆ ಅವರು ಹೊಣೆಯಲ್ಲ. ಮೂರು ವರ್ಷ ಬಾಳಿದ ಗೋಡೆಯ ಬಣ್ಣ ಮಾಸೋದು ಸಹಜ ಸವೆತವೇ. ಮಗು ಕ್ರೇಯಾನ್‌ನಲ್ಲಿ ಗೀಚಿದ್ದು, ಡ್ರಿಲ್ ಹಾಕಿ ಟೈಲ್ಸ್ ಒಡೆದದ್ದು ಸವೆತ ಅಲ್ಲ. ಕರಾರಿನಲ್ಲಿ ಬೇರೆ ಬರೆದುಕೊಂಡಿದ್ದರೆ ಕರಾರಿನ ಮಾತೇ ನಡೆಯುತ್ತೆ. ಸ್ಟಾಂಪ್ ಪೇಪರ್ ಅಂಗಡಿಯ ರೆಡಿಮೇಡ್ ಅಗ್ರಿಮೆಂಟಿನಲ್ಲಿ ಪೇಂಟಿಂಗ್ ಸಾಲು ಇರೋದು ಅದಕ್ಕೇ.

ಆ ಸಾಲನ್ನು ತೆಗೆದುಹಾಕಿ ಅನ್ನೋದು ನನ್ನ ಸಲಹೆ. ಮಾದರಿ ಕಾಯ್ದೆಯ ಪಟ್ಟಿಯಲ್ಲಿ ಸುಣ್ಣಬಣ್ಣ, ಕಟ್ಟಡದ ರಿಪೇರಿ, ಪೈಪು, ವೈರಿಂಗ್ ಮಾಲೀಕರ ಪಾಲು. ನಲ್ಲಿಯ ವಾಷರ್, ಸ್ವಿಚ್ಚು, ಗೀಸರ್ ರಿಪೇರಿ, ಕಿಟಕಿ ಗಾಜು, ಬೀಗ ಬಾಡಿಗೆಯವರ ಪಾಲು. ಆದಾಯ ತೆರಿಗೆ ಕಾನೂನಂತೂ ಇನ್ನೂ ಸ್ಪಷ್ಟ. ಬಾಡಿಗೆ ಆದಾಯದಲ್ಲಿ ಆಸ್ತಿ ತೆರಿಗೆ ಕಳೆದು ಉಳಿದದ್ದರ 30%ಗೆ, ನೀವು ರಿಪೇರಿಗೆ ಖರ್ಚು ಮಾಡಿದರೂ ಬಿಟ್ಟರೂ, ತೆರಿಗೆ ಇಲ್ಲ. ಅಂದರೆ ಮನೆ ನೋಡಿಕೊಳ್ಳೋ ಖರ್ಚು ಮಾಲೀಕರದ್ದು ಅಂತ ಸರ್ಕಾರ ಮೊದಲೇ ಲೆಕ್ಕ ಹಾಕಿದೆ. ಆ ವಿನಾಯಿತಿಯನ್ನೂ ಪಡೆದು ಬಾಡಿಗೆಯವರಿಂದ ಪೇಂಟಿಂಗ್ ದುಡ್ಡೂ ಹಿಡಿಯೋದು ಒಂದೇ ಖರ್ಚಿಗೆ ಎರಡು ಕಡೆ ವಸೂಲಿ. ಬದಲಿಗೆ ಬಾಡಿಗೆ ಬಂದ ದಿನವೇ ಹತ್ತನೇ ಒಂದು ಪಾಲು ಬೇರೆ ಖಾತೆಗೆ ಹಾಕಿ. 15,000ದಲ್ಲಿ 1,500 ಅಂದ್ರೆ ಎರಡು ವರ್ಷಕ್ಕೆ 36,000. ಪೇಂಟರ್ ಬರೋ ದಿನ ಯಾರ ಹತ್ತಿರವೂ ಜಗಳ ಇರಲ್ಲ.

ಆ ಖಾತೆಯಿಂದ ಮೊದಲು ಖರ್ಚಾಗಬೇಕಿರೋದು ಬಣ್ಣಕ್ಕಲ್ಲ, ನೀರು ಮತ್ತು ಕರೆಂಟಿಗೆ. ಮುಂಗಾರಿಗೆ ಮೊದಲು, ಏಪ್ರಿಲ್‌ನಲ್ಲೇ ತಾರಸಿಗೆ ಹತ್ತಿ, ನೀರು ಹೋಗೋ ಪೈಪಿನ ಬಾಯಲ್ಲಿ ಸಿಕ್ಕಿರೋ ಎಲೆ, ಪ್ಲಾಸ್ಟಿಕ್ ತೆಗೆಯಿರಿ, ಬಿರುಕು ಮುಚ್ಚಿಸಿ. ಸೋರೋ ತಾರಸಿ ಬಿಟ್ಟು ಒಳಗೋಡೆಗೆ ಬಣ್ಣ ಬಳಿದರೆ ಒಂದೇ ಮಳೆಗಾಲಕ್ಕೆ ಉಬ್ಬಿ ಉದುರುತ್ತೆ. ಸಂಪು, ಟ್ಯಾಂಕು ವರ್ಷಕ್ಕೆರಡು ಸಲ ತೊಳೆಸಿ. ಹಳೇ ಮನೆಯಾದರೆ ಮೀಟರ್ ಬೋರ್ಡಿಗೆ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯೋ ಸಣ್ಣ ಡಬ್ಬಿ ಅದು. ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ಹೊರಗೆ ಹಾಕಿಸಿ. ಮುಚ್ಚಿದ ಬಾತ್‌ರೂಮಿನಲ್ಲಿ ಅದರಿಂದ ಹೊರಡೋ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಕುಸಿದು ಸತ್ತ ಸುದ್ದಿ ನಮ್ಮ ಊರುಗಳಿಂದ ಮತ್ತೆ ಮತ್ತೆ ಬರ್ತಾನೇ ಇದೆ.

ರಿಪೇರಿ ಮುಂದೂಡಿದರೆ ಕಾನೂನಿನ ತೊಡಕೂ ಇದೆ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಅದೇ 108ನೇ ಸೆಕ್ಷನ್ ಪ್ರಕಾರ ಬಾಡಿಗೆಯವರು ತಾವೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು.

ಕೀ ಕೊಡೋ ದಿನ ಇಬ್ಬರೂ ಸೇರಿ ಪ್ರತಿ ರೂಮಿನ ವಿಡಿಯೋ ಮಾಡಿ, ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳಿ. ಎರಡು ವರ್ಷದ ನಂತರ "ಇದು ಮೊದಲೇ ಒಡೆದಿತ್ತು" ಅನ್ನೋ ವಾದ ಹತ್ತೇ ನಿಮಿಷದಲ್ಲಿ ಮುಗಿಯುತ್ತೆ. ಬಾಡಿಗೆ, ಅಡ್ವಾನ್ಸ್ ಎರಡನ್ನೂ ಬ್ಯಾಂಕ್ ಮೂಲಕವೇ ತಗೊಳ್ಳಿ. 11 ತಿಂಗಳ ಅಗ್ರಿಮೆಂಟ್ ಮಾಡೋದು ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಅನ್ನೋ ಕಾರಣಕ್ಕೆ. ಹನ್ನೊಂದು ತಿಂಗಳಾದ ಮೇಲೆ ಬಾಯಿಮಾತಲ್ಲೇ ವರ್ಷಗಟ್ಟಲೆ ಎಳೆಯಬೇಡಿ, ಹೊಸದಾಗಿ ಬರೆಸಿ. ಬಾಡಿಗೆ ಬಾಕಿ ಇದೆ ಅಂತ ನೀರು, ಕರೆಂಟ್ ಕಟ್ ಮಾಡೋದು, ಬೇರೆ ಬೀಗ ಜಡಿಯೋದು ಬೇಡ. ಕೋರ್ಟಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ವಾಪಸ್ ಪಡೆಯೋ ಹಕ್ಕು ಬಾಡಿಗೆಯವರಿಗಿದೆ.

ಪ್ರತಿ ಪೋರ್ಷನ್‌ಗೂ ಬೇರೆ ಮೀಟರ್ ಇರಲಿ. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತೆ, ಆದರೆ ಅದು ಮೀಟರಿನ ಲೆಕ್ಕ. ಮೂರು ಮನೆಗೆ ಒಂದೇ ಮೀಟರ್ ಇಟ್ಟು ಸಬ್‌ಮೀಟರಲ್ಲಿ ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡಿದರೆ ಇಬ್ಬರ ಪಾಲಿನ ಯೋಜನೆಯನ್ನು ನೀವೇ ತಪ್ಪಿಸಿದ ಹಾಗೆ.

ಇನ್ನು ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದವರಿಗೆ ಮೊದಲು ಕೇಳೋ ಆ ಪ್ರಶ್ನೆ: "ನೀವು ಯಾವ ಜನ?" ಜಾತಿ, ಧರ್ಮ, ಮಾಂಸ ತಿನ್ನೋದು ಇವುಗಳಿಂದ ಯಾರು ಬಾಡಿಗೆ ಸರಿಯಾಗಿ ಕೊಡ್ತಾರೆ ಅಂತ ಗೊತ್ತಾಗಲ್ಲ. ಕೇಳಬೇಕಿರೋದು ಮೂರೇ: ಎಲ್ಲಿ ಕೆಲಸ, ಎಷ್ಟು ಜನ ಇರ್ತೀರಿ, ಹಿಂದಿನ ಓನರ್ ನಂಬರ್ ಕೊಡ್ತೀರಾ. ನಿಮ್ಮ ಅಪ್ಪ ಮೊದಲನೇ ಪ್ರಶ್ನೆ ಕೇಳೋರಾದರೆ, ಮುಂದಿನ ಸಲ ಊರಿಗೆ ಹೋದಾಗ ಬೋರ್ಡ್ ಮೇಲೆ ನಿಮ್ಮ ನಂಬರ್ ಬರೆದು ಬನ್ನಿ.