ಉಸಿರಿನ ಪಾಲೆಷ್ಟು, ಕರೆಂಟಿನ ಪಾಲೆಷ್ಟು?

ಅಮೆರಿಕದ ಡ್ರಮ್ ಕೋರ್ ಶಾಲೆಯ ಬ್ಯಾಂಡೂ ಅಲ್ಲ, ಸೈನ್ಯದ ವಾದ್ಯವೃಂದವೂ ಅಲ್ಲ. ಹಿತ್ತಾಳೆಯ ಊದುವ ವಾದ್ಯಗಳು, ಡ್ರಮ್ಮುಗಳು, ಬಾವುಟ ಬೀಸಿ ಕುಣಿಯುವ ಕಲರ್ ಗಾರ್ಡ್, ಇಷ್ಟೇ ಇದರ ಬಂಡವಾಳ. ಕ್ಲಾರಿನೆಟ್, ಸ್ಯಾಕ್ಸೊಫೋನ್, ಕೊಳಲಿಗೆ ಇಲ್ಲಿ ಜಾಗವಿಲ್ಲ. ದೊಡ್ಡ ತಂಡವೊಂದರಲ್ಲಿ ನೂರೈವತ್ತರ ಆಸುಪಾಸು ಹುಡುಗ ಹುಡುಗಿಯರು. ಎಲ್ಲರೂ 22ರೊಳಗಿನವರು. ಬೇಸಿಗೆ ಪೂರ್ತಿ ಯಾವುದೋ ಊರಿನ ಶಾಲೆಯ ಜಿಮ್ ನೆಲದ ಮೇಲೆ ಮಲಗುತ್ತಾರೆ, ಹಗಲಿಡೀ ಬಿಸಿಲಲ್ಲಿ ತಾಲೀಮು ಮಾಡುತ್ತಾರೆ, ರಾತ್ರಿ ಬಸ್ಸಿನಲ್ಲಿ ಮುಂದಿನ ಊರಿಗೆ ಹೋಗುತ್ತಾರೆ. ಇದಕ್ಕೆ ಸಂಬಳವಿಲ್ಲ. ಮಕ್ಕಳೇ ಸಾವಿರಾರು ಡಾಲರ್ ಶುಲ್ಕ ಕಟ್ಟಿ ಬರುತ್ತಾರೆ. ಫುಟ್‌ಬಾಲ್ ಮೈದಾನದಲ್ಲಿ ಓಡುತ್ತ ಊದುವ, ಓಡುತ್ತ ಬಾರಿಸುವ ಹತ್ತು ಹನ್ನೆರಡು ನಿಮಿಷದ ಒಂದೇ ಒಂದು ಪ್ರದರ್ಶನಕ್ಕಾಗಿ ಇಷ್ಟೆಲ್ಲ. ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ ಫೈನಲ್.

ಈ ಲೋಕದಲ್ಲಿ ಒಂದು ತಕರಾರು ಬಹಳ ವರ್ಷಗಳಿಂದ ನಡೆದುಕೊಂಡು ಬಂದಿದೆ. ಸ್ಪರ್ಧೆ ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆ, ಎಲ್ಲರೂ ಕರೆಯುವಂತೆ ಡಿಸಿಐ, 2004ರಲ್ಲಿ ಮೈಕು, ಸ್ಪೀಕರುಗಳಿಗೆ ಅನುಮತಿ ಕೊಟ್ಟಿತು. 2009ರಲ್ಲಿ ಸಿಂಥಸೈಜರ್ ಸೇರಿದಂತೆ ಎಲೆಕ್ಟ್ರಾನಿಕ್ ವಾದ್ಯಗಳನ್ನೂ ಒಳಗೆ ಬಿಟ್ಟುಕೊಂಡಿತು. ಅಂದಿನಿಂದ ಪ್ರೇಕ್ಷಕರ ಗ್ಯಾಲರಿ ಎರಡು ಪಾಲಾಗಿದೆ.

ನನ್ನ ತಮ್ಮನ ಮಗಳು ಇಂಥದೊಂದು ತಂಡದಲ್ಲಿ ಸಿಂಥಸೈಜರ್ ನುಡಿಸುತ್ತಾಳೆ. ಅವಳನ್ನು ನೋಡಲೆಂದು ಹೋದಾಗ ಪರಿಚಯವಾದವರು ಎಪ್ಪತ್ತು ದಾಟಿದ ಒಬ್ಬ ಹಳೆಯ ಸ್ನೇರ್ ಡ್ರಮ್ ವಾದಕರು. ಅವರು ಸಿಕ್ಕಿದ್ದು ಸ್ಟೇಡಿಯಂ ಒಳಗಲ್ಲ, ವಾಹನ ನಿಲ್ಲಿಸುವ ಜಾಗದಲ್ಲಿ. ಇದಕ್ಕೆ ‘ಲಾಟ್’ ಅಂತಲೇ ಹೆಸರು. ಮೈದಾನಕ್ಕಿಳಿಯುವ ಮುನ್ನ ಪ್ರತಿ ತಂಡದ ಡ್ರಮ್ ಸಾಲು ಇಲ್ಲಿ ಕೈ ಬಿಸಿ ಮಾಡಿಕೊಳ್ಳುತ್ತದೆ. ಸುತ್ತ ಜನ ವೃತ್ತಾಕಾರವಾಗಿ ನಿಲ್ಲುತ್ತಾರೆ. ಇಲ್ಲಿ ಮೈಕಿಲ್ಲ, ಸ್ಪೀಕರಿಲ್ಲ, ಅಂಕ ಕೊಡುವವರಿಲ್ಲ. ಒಳಗಿನ ಪ್ರದರ್ಶನಕ್ಕಿಂತ ಇದನ್ನೇ ಕೇಳಲು ದೂರದೂರದಿಂದ ಬರುವವರಿದ್ದಾರೆ.

ಮೊದಲು ಬಲಗೈಯಲ್ಲಿ ಎಂಟು ಏಟು, ಆಮೇಲೆ ಎಡಗೈಯಲ್ಲಿ ಎಂಟು. ಮಕ್ಕಳ ಪಾಠದಷ್ಟು ಸರಳ. ಆದರೆ ಒಂಬತ್ತು ಸ್ನೇರ್‌ಗಳು ಒಟ್ಟಿಗೆ ಬಾರಿಸಿದಾಗ ಕೇಳಿಸಿದ್ದು ಒಂದೇ ಏಟು. ಕೋಲು ಎಷ್ಟು ಅಂಗುಲ ಮೇಲೇಳಬೇಕು ಎಂಬುದಕ್ಕೂ ಲೆಕ್ಕವಿದೆ. ಮೂರು ಅಂದರೆ ಮೂರು, ಒಂಬತ್ತು ಅಂದರೆ ಒಂಬತ್ತು. ಹಿರಿಯರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಕಡೆ ವಾಲಿ, “ಆ ತುದಿಯಿಂದ ಎರಡನೆಯವನ ಎಡಗೈ ಒಂದು ಕೂದಲೆಳೆ ತಡ” ಎಂದರು. ನನಗೆ ಏನೂ ಗೊತ್ತಾಗಲಿಲ್ಲ. ಮುಂದಿನ ಸುತ್ತಿನಲ್ಲಿ ತರಬೇತುದಾರ ಹೋಗಿ ನಿಂತದ್ದು ಅದೇ ಹುಡುಗನ ಮುಂದೆ.

ಅವರ ಕಿವಿ ಹೀಗೆ ಹದಗೊಂಡದ್ದಕ್ಕೆ ಕಾರಣವಿದೆ. ಅವರ ಕಾಲದಲ್ಲಿ ತೀರ್ಪುಗಾರರು ಕೈಯಲ್ಲಿ ರಟ್ಟು ಹಿಡಿದು ಮೈದಾನದ ಒಳಗೇ, ವಾದಕರ ಮಗ್ಗುಲಲ್ಲೇ ನಡೆಯುತ್ತಿದ್ದರು. ಒಂದು ಏಟು ತಪ್ಪಿದರೆ ಹಾಳೆಯ ಮೇಲೆ ಒಂದು ಗೀಟು. ಒಂದು ಗೀಟಿಗೆ ಅಂಕದ ಹತ್ತನೇ ಒಂದು ಭಾಗ ಖೋತಾ. ‘ಟಿಕ್’ ಎಂದು ಕರೆಯುತ್ತಿದ್ದ ಈ ಪದ್ಧತಿ 1983ರ ಋತುವಿನ ನಂತರ ನಿಂತಿತು. “ಪೆನ್ಸಿಲ್ ಹಾಳೆಗೆ ತಾಗಿದ ಸದ್ದು ನನಗೆ ಡ್ರಮ್ಮಿನ ಸದ್ದಿಗಿಂತ ಜೋರಾಗಿ ಕೇಳಿಸುತ್ತಿತ್ತು” ಎಂದರು. ಆ ಭಯಕ್ಕೆ ಎಷ್ಟೋ ತಂಡಗಳು ಕಷ್ಟದ ಸಂಗೀತಕ್ಕೆ ಕೈ ಹಾಕುತ್ತಿರಲಿಲ್ಲ, ಹೋದದ್ದು ಒಳ್ಳೆಯದೇ ಆಯಿತು ಎಂದೂ ಸೇರಿಸಿದರು. ಹಳೆಯದೆಲ್ಲ ಚಿನ್ನ ಎನ್ನುವವರಲ್ಲ ಅವರು.

ಅವರ ಎಡಗೈ ಹಿಡಿತ ನೋಡಬೇಕು. ಬಲಗೈ ಮಾಮೂಲಿ, ಎಡಗೈ ಮಾತ್ರ ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಸಂದಿನಲ್ಲಿ ಕೋಲು ಇಟ್ಟುಕೊಳ್ಳುವುದು. ಡ್ರಮ್ಮನ್ನು ಪಟ್ಟಿಯಲ್ಲಿ ಹೆಗಲಿಗೆ ನೇತುಹಾಕುತ್ತಿದ್ದ ಕಾಲದಲ್ಲಿ ಅದು ತೊಡೆಯ ಮೇಲೆ ಓರೆಯಾಗಿ ವಾಲುತ್ತಿತ್ತು. ಆ ಓರೆಗೆ ಹೊಂದಿಕೊಳ್ಳಲು ಹುಟ್ಟಿದ ಹಿಡಿತ ಇದು. ಈಗ ಎದೆಗೆ ಕವಚದಂತೆ ತೊಡುವ ಹಾರ್ನೆಸ್ ಬಂದು ಡ್ರಮ್ ಸಮತಟ್ಟಾಗಿ ನಿಲ್ಲುತ್ತದೆ. ಓರೆ ಹೋಗಿ ದಶಕಗಳಾದರೂ ಬಹಳಷ್ಟು ತಂಡಗಳ ಸ್ನೇರ್ ಸಾಲು ಹಿಡಿತ ಬಿಟ್ಟಿಲ್ಲ. ಇಪ್ಪತ್ತರ ಹುಡುಗರು ಅದನ್ನು ಕಲಿಯಲು ತಿಂಗಳುಗಟ್ಟಲೆ ಕೈ ನೋಯಿಸಿಕೊಳ್ಳುತ್ತಾರೆ.

ಇತಿಹಾಸವನ್ನು ಅವರು ಹೇಳಿದಷ್ಟೇ ಇಲ್ಲಿ ಕೊಡುತ್ತೇನೆ. ಮೊದಲ ಮಹಾಯುದ್ಧ ಮುಗಿಸಿ ಬಂದ ಯೋಧರ ಸಂಘಗಳು, ಅಮೆರಿಕನ್ ಲೀಜನ್ ಮುಂತಾದವು, ಊರೂರಲ್ಲಿ ಬ್ಯೂಗಲ್ ಮತ್ತು ಡ್ರಮ್ ತಂಡ ಕಟ್ಟಿದವು. ಚರ್ಚುಗಳು, ಸ್ಕೌಟ್ ದಳಗಳು ಮಕ್ಕಳ ತಂಡ ಕಟ್ಟಿದವು. ಸ್ಪರ್ಧೆಯ ನಿಯಮಗಳೆಲ್ಲ ಯೋಧರ ಸಂಘಗಳ ಕೈಯಲ್ಲೇ ಇದ್ದವು. ಅದು ಉಸಿರು ಕಟ್ಟಿಸುತ್ತಿದೆ ಎಂದು ತಂಡಗಳು ಸಿಡಿದು ಡಿಸಿಐ ಕಟ್ಟಿಕೊಂಡವು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆದ ಮೊದಲ ಚಾಂಪಿಯನ್‌ಶಿಪ್ಪನ್ನು ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದುಕೊಂಡಿತು. ನಮ್ಮ ಹಿರಿಯರ ತಂಡವೂ ಅಲ್ಲಿತ್ತು, ಫೈನಲ್ ಮುಟ್ಟಲಿಲ್ಲ. ಆಮೇಲಿನದು ಸಡಿಲಿಕೆಯ ಕಥೆ. ಜಿ ಶ್ರುತಿಯ ಬ್ಯೂಗಲ್ಲಿಗೆ 1977ರಲ್ಲಿ ಎರಡು ವಾಲ್ವ್, 1990ರಲ್ಲಿ ಮೂರು. 2000ದಲ್ಲಿ ಬೇರೆ ಶ್ರುತಿಯ ಹಿತ್ತಾಳೆ ವಾದ್ಯಗಳೂ ಬಂದವು, 2014ರಲ್ಲಿ ಟ್ರಾಂಬೋನ್ ಕೂಡ. ಪ್ರತಿ ಸಲವೂ ‘ಇಲ್ಲಿಗೆ ಮುಗಿಯಿತು’ ಎಂದವರಿದ್ದರು.

ಇವುಗಳ ನಡುವೆ 1982ರ ಬದಲಾವಣೆಯನ್ನು ಮರೆಯಬಾರದು, ಈಗಿನ ಜಗಳದ ಬೇರು ಅಲ್ಲಿದೆ. ಅದಕ್ಕೆ ಮೊದಲು ಯಾವ ವಾದ್ಯವಾದರೂ ಹೊತ್ತುಕೊಂಡೇ ನಡೆಯಬೇಕಿತ್ತು, ಟಿಂಪನಿಯಂಥ ದೊಡ್ಡ ಡ್ರಮ್ಮನ್ನೂ. ಅಂದಿನಿಂದ ಮೈದಾನದ ಮುಂದಿನ ಅಂಚಿನಲ್ಲಿ ವಾದ್ಯಗಳನ್ನು ನೆಲದ ಮೇಲಿಟ್ಟು ನುಡಿಸಬಹುದಾಯಿತು. ‘ಪಿಟ್’ ಎನ್ನುವುದು ಈ ಜಾಗಕ್ಕೇ. ಮರಿಂಬಾ, ವೈಬ್ರಫೋನುಗಳು ಬಂದವು. ಬಂದವು ಸರಿ, ಕೇಳಿಸಬೇಕಲ್ಲ! ಹಿಂದೆ ಎಪ್ಪತ್ತು ಎಂಬತ್ತು ಹಿತ್ತಾಳೆ ವಾದ್ಯಗಳು ಮೊಳಗುವಾಗ ಮರಿಂಬಾದ ಮರದ ಪಟ್ಟಿಯ ಮೆಲುದನಿ ಗ್ಯಾಲರಿಯ ಮೇಲಿನ ಸಾಲು ಮುಟ್ಟಲು ಮಕ್ಕಳು ಗಟ್ಟಿ ಕೋಲಿನಿಂದ ಚಚ್ಚಬೇಕಿತ್ತು. ಮೈಕು ಬಂದ ಮೇಲೆ ಅದು ತಪ್ಪಿತು. ಮೆತ್ತನೆಯ ನೂಲುಂಡೆಯ ಕೋಲು, ಒಂದೊಂದು ಕೈಯಲ್ಲಿ ಎರಡೆರಡು, ಸಂಗೀತಶಾಲೆಯಲ್ಲಿ ಕಲಿತಂತೆಯೇ ನುಡಿಸಬಹುದು. ಇದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಹಿರಿಯರೂ ತಪ್ಪೆನ್ನಲಿಲ್ಲ.

ಅವರ ದೂರು ಬೇರೆ. ಸ್ಟೇಡಿಯಂ ಒಳಗೆ ಕೂತು ಕೇಳಿದ ಮೇಲೆ ನನಗೂ ಅದು ನಾಟಿತು. ಹಿತ್ತಾಳೆ ಸಾಲು ಪ್ರೇಕ್ಷಕರ ಕಡೆ ತಿರುಗಿ ಕಡೆಯ ದೊಡ್ಡ ಸ್ವರಗುಚ್ಛವನ್ನು ಎತ್ತಿದಾಗ ಕೆಳಗಿನಿಂದ ಇನ್ನೊಂದು ಗುಡುಗು ಸೇರಿಕೊಂಡಿತು. ಕುರ್ಚಿ ನಡುಗಿತು. ಅದು ಟ್ಯೂಬಾಗಳದ್ದಲ್ಲ, ಸ್ಪೀಕರಿನಿಂದ ಬಂದ ಸಿಂಥಸೈಜರಿನ ಮಂದ್ರ. ಭಾರದ ವಾದ್ಯವನ್ನು ಹೆಗಲ ಮೇಲೆ ಹೊತ್ತು, ಮೈದಾನದ ಉದ್ದಕ್ಕೂ ಓಡಿ, ಉಳಿದ ಉಸಿರನ್ನೆಲ್ಲ ಸುರಿದು ಊದಿದ ಹುಡುಗರ ದನಿ ಎಲ್ಲಿ ಮುಗಿಯಿತು, ಕರೆಂಟಿನ ದನಿ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಚಪ್ಪಾಳೆ ಬಿತ್ತು. ಅದರಲ್ಲಿ ಅವರ ಪಾಲೆಷ್ಟು? ನಮ್ಮ ಕಛೇರಿಗಳಿಗೆ ಎಲೆಕ್ಟ್ರಾನಿಕ್ ತಂಬೂರ ಬಂದಾಗಲೂ ಮಾತು ಎದ್ದಿತ್ತು. ಆದರೆ ಆ ಪೆಟ್ಟಿಗೆ ಎಂದೂ ಹಾಡುವವರ ತಾರಸ್ಥಾಯಿಗೆ ದನಿಗೂಡಿಸಲಿಲ್ಲ.

ತಮ್ಮನ ಮಗಳ ಮುಂದೆ ಇದನ್ನು ಹೇಳಿದೆ. ಅವಳು ಮುನಿಸಿಕೊಳ್ಳಲಿಲ್ಲ. “ದೊಡ್ಡಪ್ಪ, ಕೀ ಒತ್ತಿಬಿಟ್ರೆ ಆಯ್ತು ಅಂತ ಎಲ್ರೂ ಅಂದ್ಕೊಂಡಿದಾರೆ. ನಮ್ಮ ಹಿಂದೆ ಡ್ರಮ್ ಎಷ್ಟು ದೂರ ಇರತ್ತೆ ಗೊತ್ತಾ?” ಎಂದು ನೆಲದ ಮೇಲೆ ಬೆರಳಲ್ಲಿ ಮೈದಾನ ಗೀಚಿದಳು. ಹಿಂದಿನ ಅಂಚಿನಿಂದ ಮುಂದಿನ ಅಂಚಿಗೆ ಸುಮಾರು 49 ಮೀಟರ್. ಅಷ್ಟು ದೂರ ಬರಲು ಶಬ್ದಕ್ಕೆ ಸೆಕೆಂಡಿನ ಏಳನೇ ಒಂದು ಭಾಗ ಬೇಕು. ನಿಮಿಷಕ್ಕೆ 180 ತಾಳದ ವೇಗದಲ್ಲಿ ಅದು ಹತ್ತಿರ ಹತ್ತಿರ ಅರ್ಧ ತಾಳ. ಕಣ್ಣು ನಿರ್ದೇಶಕನ ಕೈಯನ್ನು ನಂಬಿದರೆ ಪಿಟ್ ಮುಂದೆ ಓಡಿಬಿಡುತ್ತದೆ. ಹಾಗಾಗಿ ಅವರು ಕೈ ನೋಡದೆ ಬೆನ್ನ ಹಿಂದಿನ ಡ್ರಮ್ಮಿಗೆ ಕಿವಿಗೊಟ್ಟು ನುಡಿಸುತ್ತಾರೆ. ಸಿಂಥಸೈಜರಿಗೂ ಇದೇ ಕಟ್ಟುಪಾಡು. ಮಳೆ ಬಂದರೆ ಮೊದಲು ಟಾರ್ಪಾಲ್ ಹೊದಿಸುವುದೂ ಅವಳದೇ ಪೆಟ್ಟಿಗೆಗಳಿಗೆ. ಒಂದು ವೈರು ಕೈಕೊಟ್ಟರೆ ಸಾವಿರಾರು ಜನರ ಮುಂದೆ ಮೂಕಳಾಗಿ ನಿಲ್ಲಬೇಕು.

ಎಲೆಕ್ಟ್ರಾನಿಕ್ಸ್ ಇಲ್ಲದೆ ಆಗದಿದ್ದ ಕೆಲಸಗಳೂ ಇವೆ ಎಂದು ಅವಳು 2014ರ ಬ್ಲೂಕೋಟ್ಸ್ ಪ್ರದರ್ಶನದ ವಿಡಿಯೋ ಹಾಕಿದಳು. ಒಹಾಯೋದ ಕ್ಯಾಂಟನ್ ಊರಿನ ತಂಡ, ಪ್ರದರ್ಶನದ ಹೆಸರು ‘ಟಿಲ್ಟ್’. ಊದುವವರ ಸ್ವರವೂ ಯಂತ್ರದ ಸ್ವರವೂ ಬೆರೆತು, ಇಡೀ ಮೈದಾನವೇ ಓರೆಯಾಯಿತೇನೋ ಎಂಬಂತೆ ನಾದ ಜಾರುತ್ತದೆ. ಆ ವರ್ಷ ತಂಡಕ್ಕೆ ಎರಡನೇ ಸ್ಥಾನ, 2016ರಲ್ಲಿ ಮೊದಲ ಪ್ರಶಸ್ತಿ. ಇಲ್ಲಿ ಯಂತ್ರ ಕದ್ದು ಕೂತಿಲ್ಲ, ಎದುರಿಗೆ ನಿಂತು ನುಡಿದಿದೆ. ನನ್ನ ಒಪ್ಪಿಗೆ ಇದಕ್ಕಿದೆ. ಊದುವವರ ಬೆನ್ನ ಹಿಂದೆ ಅಡಗಿ ಅವರ ದನಿಯನ್ನು ದಪ್ಪ ಮಾಡುವ ಮಂದ್ರಕ್ಕೆ ಮಾತ್ರ ತೀರ್ಪುಗಾರರು ಅಂಕ ಕಳೆಯಬೇಕು.

ಸಣ್ಣ ತಂಡಗಳ ಪಾಡಿನ ಬಗ್ಗೆ ಇಷ್ಟು ಹೇಳಿದರೆ ಸಾಕು. ಒಂದು ಕಾಲಕ್ಕೆ ನೂರಾರು ಊರುಗಳಲ್ಲಿ ತಂಡಗಳಿದ್ದವು, ಇಂದು ಉಳಿದಿರುವುದು ಕೆಲವೇ ಡಜನ್. ಅವು ಮುಚ್ಚಲು ಸಿಂಥಸೈಜರ್ ಕಾರಣವಲ್ಲ, ಬಹುಪಾಲು ಅದಕ್ಕೆ ಮೊದಲೇ ಮುಚ್ಚಿದ್ದವು. ಆದರೆ ಮಿಕ್ಸರ್, ಸ್ಪೀಕರ್, ಜನರೇಟರ್, ಅವನ್ನು ಹೊರುವ ಟ್ರಕ್ಕು, ನೋಡಿಕೊಳ್ಳುವ ತಂತ್ರಜ್ಞ ಎಂದು ಖರ್ಚು ಬೆಳೆದಂತೆ ಹೊಸದಾಗಿ ತಂಡ ಕಟ್ಟುವ ಧೈರ್ಯ ಯಾರಿಗೆ ಬರುತ್ತದೆ? ಹಿಂದೆ ಪಕ್ಕದ ಬೀದಿಯ ಹುಡುಗ ತಂಡಕ್ಕೆ ಸೇರುತ್ತಿದ್ದ. ಈಗ ಆಯ್ಕೆ ಶಿಬಿರಕ್ಕೆ ಮಕ್ಕಳು ವಿಮಾನ ಹತ್ತಿ ಬರುತ್ತಾರೆ.

ಹಿರಿಯರ ಊರಿನ ತಂಡ ನಿಂತಾಗ ಅದರ ಡ್ರಮ್ಮುಗಳನ್ನು ಅಲ್ಲಿನ ಹೈಸ್ಕೂಲು ಕೊಂಡುಕೊಂಡಿತಂತೆ. ಈ ಬೇಸಿಗೆಯ ಶುರುವಿನಲ್ಲಿ ಅದೇ ಶಾಲೆಯ ಬ್ಯಾಂಡಿನ ಮಕ್ಕಳು ಅವರ ಮನೆ ಬಾಗಿಲಿಗೆ ಚಂದಾ ಕೇಳಲು ಬಂದಿದ್ದರು, ಸಿಂಥಸೈಜರ್ ಕೊಳ್ಳಲು. ಇಪ್ಪತ್ತು ಡಾಲರ್ ಕೊಟ್ಟು, ಸ್ನೇರ್ ಬಾರಿಸುವವರು ಯಾರೆಂದು ವಿಚಾರಿಸಿ, ಆ ಹುಡುಗಿಯ ಎಡಗೈ ಹಿಡಿತ ತಿದ್ದಿ ಕಳಿಸಿದರಂತೆ.