ನೀಲಕುರಿಂಜಿ
ನೀಲಕುರಿಂಜಿಯು ಪಶ್ಚಿಮ ಘಟ್ಟಗಳ ಶೋಲಾ ಹುಲ್ಲುಗಾವಲುಗಳಲ್ಲಿ ಬೆಳೆಯುವ, ಅಕ್ಯಾಂಥೇಸೀ ಕುಟುಂಬದ ಪೊದೆಸಸ್ಯ. ವೈಜ್ಞಾನಿಕ ನಾಮ ಸ್ಟ್ರೊಬಿಲ್ಯಾಂಥಿಸ್ ಕುಂತಿಯಾನಾ. ಕರ್ನಾಟಕದ ಮಲೆನಾಡಿನಲ್ಲಿ ಕುರಿಂಜಿಗೆ ಗುರಿಗೆ ಎಂಬ ಹೆಸರೂ ಉಂಟು. ಹನ್ನೆರಡು ವರ್ಷಗಳಿಗೊಮ್ಮೆ ಬೆಟ್ಟದ ಇಳಿಜಾರುಗಳಲ್ಲಿ ಒಟ್ಟಾಗಿ ಹೂಬಿಡುವ ಈ ಗಿಡ, ಬೀಜ ಕಟ್ಟಿದ ನಂತರ ಸಾಯುತ್ತದೆ. ಮುಂದಿನ ಪೀಳಿಗೆಗೆ ಆ ಒಂದು ಋತುವಿನ ಬೀಜಗಳೇ ಆಧಾರವಾದ್ದರಿಂದ ಪ್ರವಾಸಿಗರು ಹೂಗೊಂಚಲುಗಳನ್ನು ಕೀಳುವುದು ಅಲ್ಪ ನಷ್ಟವೇನಲ್ಲ. ಆದರೂ ಹೆಚ್ಚಿನ ಹಾನಿ ಆಗಿರುವುದು ಆವಾಸಸ್ಥಾನಕ್ಕೆ: ಚಹಾ ತೋಟಗಳು, ನೀಲಗಿರಿ ಮತ್ತು ವ್ಯಾಟಲ್ ನೆಡುತೋಪುಗಳು ಹುಲ್ಲುಗಾವಲನ್ನು ಆಕ್ರಮಿಸಿವೆ. ಇದರ ರಕ್ಷಣೆಗಾಗಿ ಕೇರಳ ಸರ್ಕಾರವು 2006ರಲ್ಲಿ ಇಡುಕ್ಕಿ ಜಿಲ್ಲೆಯಲ್ಲಿ ಕುರಿಂಜಿಮಲ ಅಭಯಾರಣ್ಯವನ್ನು ಘೋಷಿಸಿತಾದರೂ, ಭೂ ಒಡೆತನದ ವಿವಾದಗಳಿಂದ ಗಡಿ ಗುರುತಿಸುವಿಕೆ ವರ್ಷಗಟ್ಟಲೆ ವಿಳಂಬವಾಯಿತು. ಮುನ್ನಾರ್ ಸುತ್ತಮುತ್ತ 2018ರಲ್ಲಿ ಹೂಬಿಟ್ಟಿದ್ದು, ಅಲ್ಲಿನ ಮುಂದಿನ ಸಾಮೂಹಿಕ ಹೂಬಿಡುವಿಕೆ 2030ರಲ್ಲಿ ನಿರೀಕ್ಷಿತವಾಗಿದೆ.